ಅಜ್ಜಿಗಾಗಿ ಬಿಟ್ಟ ಹಿಂದಿ

ವಿಭೂತಿ ಬುಧವಾರಕ್ಕೆ ಮುಂಚಿನ ಭಾನುವಾರ ನಮ್ಮ ಚರ್ಚಿನ ಅಂಗಳದಲ್ಲಿ ಒಂದು ಕಬ್ಬಿಣದ ಡ್ರಮ್ ಇಟ್ಟಿರುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರ ಮನೆಗೆ ಒಯ್ದು, ಗೋಡೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿಗಳನ್ನು ಎಲ್ಲರೂ ತಂದು ಅದರಲ್ಲಿ ಹಾಕಬೇಕು. ಅವನ್ನು ಸುಟ್ಟ ಬೂದಿಯೇ ಬುಧವಾರ ನಮ್ಮ ಹಣೆಗೆ ಬರುವುದು. ಈ ಸಲ ನಾನು ಒಯ್ದದ್ದು ಅಮ್ಮ ಕೂತು ಹೆಣೆದಿದ್ದ ಗರಿಯ ಪುಟ್ಟ ಶಿಲುಬೆ. ನೋಯ್ಡಾದ ಒಣಹವೆಗೆ ಅದು ಹಪ್ಪಳದ ಹಾಗೆ ಆಗಿತ್ತು. ಬೆಂಕಿಗೆ ಬಿದ್ದದ್ದೇ ಚಟಪಟ ಎಂದು ಹೊಗೆ ಎದ್ದಿತು. ಒಣಗರಿ ಉರಿಯುವ ಆ ವಾಸನೆ ಮೂಗಿಗೆ ಬಡಿದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಈ ಸಲ ಈಸ್ಟರ್‌ವರೆಗಿನ ನಲವತ್ತು ದಿನದ ತಪಸ್ಸುಕಾಲಕ್ಕೆ ಏನು ಬಿಡುತ್ತೀಯ ಎಂದು ಹಿಂದಿಯಲ್ಲಿ ಕೇಳಿದರು. ಇನ್ನೂ ಯೋಚಿಸಿಲ್ಲ ಎಂದೆ. ಹೋದ ವರ್ಷವಾಗಿದ್ದರೆ ಅವರು ಕೇಳುವ ಮೊದಲೇ ಹೇಳಿರುತ್ತಿದ್ದೆ.

ಹೋದ ವರ್ಷ ನಾನು ಚಹಾ ಬಿಟ್ಟಿದ್ದೆ. ಬಿಟ್ಟಿದ್ದೆ ಎನ್ನುವುದಕ್ಕಿಂತ ಬಿಟ್ಟಿದ್ದೇನೆಂದು ಊರಿಗೆಲ್ಲ ಸಾರಿದ್ದೆ ಎನ್ನುವುದು ಸರಿ. ನಾನು ಕೆಲಸ ಮಾಡುವುದು ದಿಲ್ಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ. ಅಲ್ಲಿ ಚಹಾ ಇಲ್ಲದೆ ಒಂದು ಫೈಲೂ ಅಲುಗಾಡುವುದಿಲ್ಲ. ಹನ್ನೊಂದು ಗಂಟೆಗೆ ಟ್ರೇ ಬಂದಾಗಲೆಲ್ಲ ನಾನು ಕೈ ಅಡ್ಡ ಹಿಡಿದು, ಈಸ್ಟರ್‌ವರೆಗೆ ನನಗಿಲ್ಲ ಎನ್ನುತ್ತಿದ್ದೆ. ಸಹೋದ್ಯೋಗಿಗಳು ಗೌರವದಿಂದ ನೋಡುತ್ತಿದ್ದರು. ಮನೆಗೆ ಬರುವ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ಎದುರಿಗೆ ಸಿಕ್ಕವರ ಮೇಲೆ ಹಾರಿಬೀಳುತ್ತಿದ್ದೆ. ಅಮ್ಮ ಒಂದು ಸಂಜೆ, ನೀನು ಚಹಾ ಬಿಟ್ಟು ನಮ್ಮನ್ನು ಕಚ್ಚುವುದಕ್ಕಿಂತ ಒಂದು ಲೋಟ ಕುಡಿದುಬಿಡು, ದೇವರಿಗೂ ಸಮಾಧಾನ ನಮಗೂ ಸಮಾಧಾನ ಎಂದರು. ನಾನು ನಗಲಿಲ್ಲ.

ಅಮ್ಮ ನಮ್ಮ ಮನೆಗೆ ಬಂದದ್ದು ಆ ವರ್ಷದ ಜನವರಿಯ ಕೊರೆಯುವ ಚಳಿಯಲ್ಲಿ. ಮೈಸೂರಿನಲ್ಲಿ ಅಣ್ಣ ಹಳೆಯ ಮನೆ ಒಡೆಸಿ ಹೊಸದು ಕಟ್ಟಿಸುತ್ತಿದ್ದ. ಅಲ್ಲಿಯವರೆಗೆ ಅಮ್ಮ ನಮ್ಮ ಜೊತೆ ಇರಲಿ ಎಂದು ತೀರ್ಮಾನವಾಯಿತು. ಕೊಳ್ಳೇಗಾಲದ ಕಡೆಯ ಒಂದು ಕ್ರೈಸ್ತರ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಮೈಸೂರಿಗೆ ಬಂದು, ಕನ್ನಡ ಬಿಟ್ಟು ಬೇರೆ ಮಾತಿನ ಅಗತ್ಯವೇ ಬೀಳದೆ ಎಪ್ಪತ್ತು ದಾಟಿದವರು ಅವರು. ನಮ್ಮದೋ ಹಿಂದಿಯ ಮನೆ. ನನ್ನ ಗಂಡ ಪ್ರಕಾಶ್ ರಾಂಚಿ ಕಡೆಯವರು, ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಚರ್ಚಿನ ಗಾಯನ ತಂಡದಲ್ಲಿ ಪರಿಚಯವಾಗಿ ಮದುವೆಯಾದವರು ನಾವು. ಆಗಿನಿಂದ ಮನೆಯಲ್ಲಿ ಹಿಂದಿಯೇ ನಡೆದುಕೊಂಡು ಬಂತು. ಮಗಳು ರಿಯಾ ಹುಟ್ಟಿದಾಗ ಅವಳಿಗೆ ಕನ್ನಡ ಕಲಿಸಬೇಕು ಎಂದುಕೊಂಡಿದ್ದೆ. ಆಮೇಲೆ ಆಫೀಸು, ಮೆಟ್ರೊ, ಕ್ರೆಷ್, ಜ್ವರ, ಹೋಮ್‌ವರ್ಕ್. ಫೋನಿನಲ್ಲಿ ನಾನು ಅಮ್ಮನ ಜೊತೆ ಆಡುವ ಮಾತು ಕೇಳಿಸಿಕೊಂಡೇ ಅವಳಿಗೆ ಅರ್ಥ ಮಾಡಿಕೊಳ್ಳುವಷ್ಟು ಬಂತು. ಬಾಯಿ ಮಾತ್ರ ತಿರುಗಲಿಲ್ಲ.

ಹಾಗಾಗಿ ಆ ಜನವರಿಯಲ್ಲಿ ನಾನು ನಮ್ಮ ಮನೆಯ ದುಭಾಷಿಯಾದೆ. ಅಮ್ಮ ಕನ್ನಡದಲ್ಲಿ ಕೇಳುವುದು, ರಿಯಾ ಕಿವಿಯಿಂದ ಇಯರ್‌ಫೋನ್ ಒಂದು ಕಡೆ ತೆಗೆದು ಹಿಂದಿಯಲ್ಲಿ ಏನೋ ಗೊಣಗುವುದು, ಅದನ್ನು ನಾನು ಅರ್ಧ ನುಂಗಿ ಅರ್ಧ ಅಮ್ಮನಿಗೆ ದಾಟಿಸುವುದು. ಹಗಲಿಡೀ ಅಮ್ಮ ಬಾಲ್ಕನಿಯ ಬಿಸಿಲಿನಲ್ಲಿ ರಜಾಯಿ ಹೊದ್ದು ಕೂತು, ಕೆಳಗೆ ಸೊಸೈಟಿಯ ಗೇಟಿನಲ್ಲಿ ಹೋಗಿಬರುವ ಗಾಡಿಗಳನ್ನು ನೋಡುತ್ತಿದ್ದರು. ಇಡೀ ದಿನ ನನ್ನ ಬಾಯಿ ಬೀಗ ಹಾಕಿದಂಗಿರತ್ತೆ ಕಣೆ ಎಂದು ನಾನು ಬಂದ ತಕ್ಷಣ ಶುರು ಮಾಡುತ್ತಿದ್ದರು. ನಾನು ತರಕಾರಿ ಹೆಚ್ಚುತ್ತ ಹೂಂಗುಟ್ಟುತ್ತಿದ್ದೆ.

ವಿಭೂತಿ ಬುಧವಾರದ ಸಂಜೆ ಪೂಜೆ ಮುಗಿಸಿ ಇ-ರಿಕ್ಷಾದಲ್ಲಿ ಬರುತ್ತಿದ್ದೆವು. ಅಮ್ಮ ಪ್ರಕಾಶ್ ಜೊತೆ ಮುಂದಿನ ಸೀಟಿನಲ್ಲಿದ್ದರು. ನಾಲ್ವರ ಹಣೆಯ ಮೇಲೂ ಬೂದಿ, ಕತ್ತಿಗೆಲ್ಲ ಮಫ್ಲರ್. ರಿಯಾ ನನ್ನ ಕಿವಿಗೆ ಬಾಯಿಟ್ಟು, ತಾನು ಏನು ಬಿಡುತ್ತಿದ್ದೇನೆಂದು ಹೇಳಿದಳು. ಚಾಕೊಲೇಟು, ಚಿಪ್ಸು ಎಲ್ಲ ಮಕ್ಕಳ ಆಟವಂತೆ. ನಿಮ್ಮ ಮನೆಯಲ್ಲೇ ಇರುವ ಯಾರಿಗಾದರೂ ಸಂತೋಷವಾಗುವಂಥದ್ದನ್ನು ಆರಿಸಿಕೊಳ್ಳಿ ಎಂದು ಅವಳ ಧರ್ಮೋಪದೇಶದ ಟೀಚರ್ ಹೇಳಿದ್ದರಂತೆ. ಅದಕ್ಕೆ ಅವಳು ಅಜ್ಜಿಯ ಎದುರು ಹಿಂದಿ, ಇಂಗ್ಲಿಷ್ ಎರಡನ್ನೂ ಬಿಡುತ್ತಾಳೆ. ಈಸ್ಟರ್‌ವರೆಗೆ ಅಜ್ಜಿಯ ಜೊತೆ ಕನ್ನಡ ಮಾತ್ರ. ನಾನು ಮಧ್ಯೆ ಬಂದು ಅನುವಾದ ಮಾಡಬಾರದು. ಮತ್ತೆ ಇದು ಅಜ್ಜಿಗೆ ತಿಳಿಯಬಾರದು.

"ಬತಾ ದಿಯಾ ತೋ ಗಿಫ್ಟ್ ನಹೀಂ ರಹೇಗಾ, ಮಮ್ಮಾ," ಎಂದಳು. ಹೇಳಿಬಿಟ್ಟರೆ ಅದು ಉಡುಗೊರೆಯಾಗಿ ಉಳಿಯುವುದಿಲ್ಲವಂತೆ.

ನನಗೆ ಹೆಮ್ಮೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಅಡಿಯಲ್ಲೇ ಏನೋ ಚುಚ್ಚಿತು. ನಾನು ಹದಿಮೂರು ವರ್ಷ ಅವಳ ಬಾಯಿಗೆ ಹಾಕದೇ ಹೋದ ಭಾಷೆಯನ್ನು ಈ ಹುಡುಗಿ ಉಪವಾಸದ ಹಾಗೆ ತೆಗೆದುಕೊಳ್ಳಬೇಕಾಗಿ ಬಂತಲ್ಲ ಎನಿಸಿತು. ನನ್ನ ತಾಯಿಯ ಮಾತು ನನ್ನ ಮಗಳಿಗೆ ತಪಸ್ಸು. ತಪ್ಪು ನನ್ನದು, ವ್ರತ ಅವಳದು.

ಮೊದಲ ದಿನಗಳಲ್ಲಿ ಅವಳ ಪಾಡು ನೋಡಲಾಗುತ್ತಿರಲಿಲ್ಲ. "ಅಜ್ಜಿ, ನೀವು ಊಟ... ಆಯ್ತು?" ಎನ್ನುವಷ್ಟರಲ್ಲಿ ಅವಳ ಕಿವಿ ಕೆಂಪಾಗುತ್ತಿತ್ತು. ಮಾತು ಸಿಗದಾಗ ಹಿಂದಿಗೆ ಜಾರದೆ ಕೈಬಾಯಿ ಆಡಿಸಿ ತೋರಿಸುತ್ತಿದ್ದಳು. ಅಳಿಲು ಎನ್ನುವ ಪದಕ್ಕಾಗಿ ಒಂದು ದಿನ ಹಾಲ್‌ನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಎರಡು ಕೈಯಲ್ಲಿ ಏನೋ ಕಡಿಯುವವಳಂತೆ ಮಾಡಿದಳು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಬ್ಬರೂ ಬಾಲ್ಕನಿಯಲ್ಲಿ ಬಟಾಣಿ ಸುಲಿಯತೊಡಗಿದರು. ಆ ತಿಂಗಳು ನಮ್ಮ ಮನೆಯಲ್ಲಿ ಬಟಾಣಿ ಹಾಕದ ಅಡುಗೆ ಇರಲಿಲ್ಲ, ಸುಲಿಯುವ ನೆಪ ಬೇಕಲ್ಲ.

ಭಾನುವಾರ ಬಂದರೆ ಮಾತ್ರ ರಿಯಾ ಮಾಯ. ತಪಸ್ಸುಕಾಲದ ಲೆಕ್ಕದಲ್ಲಿ ಭಾನುವಾರಗಳು ಸೇರುವುದಿಲ್ಲ, ಅವತ್ತು ವ್ರತಕ್ಕೆ ರಜೆ ಎಂದು ಅವಳು ಟೀಚರನ್ನು ಕೇಳಿ ಖಚಿತ ಮಾಡಿಕೊಂಡಿದ್ದಳು. ಪೂಜೆ ಮುಗಿಸಿ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು, ಗೆಳತಿಗೆ ಫೋನ್ ಹಚ್ಚಿ, ವಾರವಿಡೀ ಕಟ್ಟಿಟ್ಟ ಹಿಂದಿಯನ್ನೆಲ್ಲ ಹರಿಯಬಿಡುತ್ತಿದ್ದಳು. ಭಾನುವಾರ ಯಾಕೆ ಇವಳು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಅಮ್ಮ ಕೇಳಿದಾಗ, ವಾರದ ಆಯಾಸ ಎಂದು ನಾನು ತೇಲಿಸಿದೆ.

ಫೆಬ್ರುವರಿ ಕಳೆದು ಬೂರುಗದ ಮರಗಳು ರಸ್ತೆಯ ತುಂಬ ದಪ್ಪ ಕೆಂಪು ಹೂ ಉದುರಿಸುವ ಹೊತ್ತಿಗೆ ರಿಯಾಳಿಗೆ ವಾರ್ಷಿಕ ಪರೀಕ್ಷೆ ಶುರುವಾಯಿತು. ಅವಳು ಓದಿದ್ದನ್ನು ಅಜ್ಜಿಗೆ ಪಾಠ ಹೇಳಿ ಗಟ್ಟಿ ಮಾಡಿಕೊಳ್ಳತೊಡಗಿದಳು. ಎಲೆ ಬಿಸಿಲನ್ನು ತಿನ್ನುತ್ತದೆ ಎಂದು ಅವಳು ತನ್ನ ಮುರುಕು ಕನ್ನಡದಲ್ಲಿ ವಿಜ್ಞಾನ ಹೇಳುವುದು, ರೇಷ್ಮೆಹುಳು ಎಲೆ ತಿನ್ನುವ ಸದ್ದು ಕೇಳಿದ್ದೀಯಾ, ಮಳೆ ಬಂದ ಹಾಗಿರತ್ತೆ ಎಂದು ಅಮ್ಮ ತಮ್ಮ ಪಾಠ ಹೇಳುವುದು. ಚಿಕ್ಕಂದಿನಲ್ಲಿ ಅಮ್ಮ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ನೂಲು ತೆಗೆಯುತ್ತಿದ್ದರಂತೆ. ಕನ್ಯಾಸ್ತ್ರೀಯಾಗುತ್ತೇನೆಂದು ಹೋಗಿ, ಕಾನ್ವೆಂಟಿನಲ್ಲಿ ಮೂರು ತಿಂಗಳು ಇದ್ದು, ಮನೆಯ ನೆನಪಾಗಿ ಅತ್ತು ಅತ್ತು ವಾಪಸು ಬಂದಿದ್ದರಂತೆ. ಅಡುಗೆಮನೆಯಿಂದ ಇದನ್ನು ಕೇಳಿಸಿಕೊಂಡು ನಾನು ದಂಗಾದೆ. ಇದನ್ನು ನನಗೆ ಯಾವತ್ತೂ ಹೇಳಿಲ್ಲವಲ್ಲ ಎಂದು ಹೊರಗೆ ಬಂದು ಕೇಳಿದೆ.

"ನೀನ್ಯಾವತ್ತು ಕೂತ್ಕೊಂಡು ಕೇಳಿದ್ದೆ?" ಎಂದರು ಅಮ್ಮ. ಆಕ್ಷೇಪವೇನಿರಲಿಲ್ಲ ಅದರಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೇ. ನಾನು ಅದನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡೆ.

ಹೋಳಿ ಕಳೆದ ಮೇಲಿನ ಒಂದು ಭಾನುವಾರ ನಾನು ಇನ್ನೊಂದು ವಿಷಯ ಗಮನಿಸಿದೆ. ಚರ್ಚಿನಿಂದ ಬಂದ ರಿಯಾ ಕೋಣೆಗೆ ಹೋಗಲಿಲ್ಲ. ಕಿವಿಯ ಹಿಂದೆ ಇನ್ನೂ ಅಂಟಿದ್ದ ಗುಲಾಬಿ ಬಣ್ಣವನ್ನು ಅಜ್ಜಿಯ ಕೈಲಿ ಕೊಬ್ಬರಿ ಎಣ್ಣೆ ಹಚ್ಚಿಸಿ ಉಜ್ಜಿಸಿಕೊಳ್ಳುತ್ತ, ಮಧ್ಯಾಹ್ನದವರೆಗೆ ಹರಟಿದಳು. ಇವತ್ತು ಭಾನುವಾರ ಅಲ್ಲವಾ ಎಂದು ನಾನು ಆಮೇಲೆ ಕೇಳಿದಾಗ, ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಅರೆ, ನೆನಪೇ ಆಗಲಿಲ್ಲ ಎಂದಳು. ಅದರ ಮುಂದಿನ ಭಾನುವಾರವೂ ಅವಳು ರಜೆ ತೆಗೆದುಕೊಳ್ಳಲಿಲ್ಲ. ವ್ರತ ಯಾವಾಗಲೋ ಮುಗಿದುಹೋಗಿ ಅಲ್ಲಿ ಬೇರೆಯದೇ ಶುರುವಾಗಿತ್ತು. ಇದು ನನಗೆ ಗೊತ್ತಿತ್ತು. ಆಮೇಲೆ ಅಮ್ಮನಿಗೆ ನಾನು ಅಂದದ್ದು ಗೊತ್ತಿಲ್ಲದೆ ಆಡಿದ ಮಾತಾಗಿದ್ದರೆ ಈಗ ಇಷ್ಟು ಬರೆಯಬೇಕಾಗಿರಲಿಲ್ಲ.

ಗರಿಗಳ ಭಾನುವಾರ ಬಿಸಿಲು ಜೋರಾಗಿಯೇ ಇತ್ತು. ಮೆರವಣಿಗೆಯಲ್ಲಿ ಹಿಡಿದು ತಂದ ಗರಿಗಳನ್ನು ಅಮ್ಮ ಹಾಲ್‌ನ ನೆಲದ ಮೇಲೆ ಹರಡಿಕೊಂಡು ಶಿಲುಬೆ ಹೆಣೆಯುತ್ತಿದ್ದರು. ರಿಯಾ ಅಂಗಡಿಗೆ ಹೋಗಿದ್ದಳು. ಹೆಣೆಯುತ್ತಲೇ ಅಮ್ಮ ಸ್ಪೀಕರಿನಲ್ಲಿ ಅಣ್ಣನ ಜೊತೆ ಮಾತಾಡುತ್ತಿದ್ದರು. ನಿನ್ನ ಮನೆ ಆಗುವಾಗ ಆಗಲಿ, ಆದ ಮೇಲೂ ನಾನು ಇಲ್ಲೇ ಇರುತ್ತೇನೆ, ಇಲ್ಲಿ ಮಗು ನನ್ನ ಜೊತೆ ಎಷ್ಟು ಮಾತಾಡುತ್ತೆ ಗೊತ್ತಾ ಎಂದರು. ನನಗೆ ಖುಷಿಯಾಗಬೇಕಿತ್ತು. ಅಮ್ಮ ಇರಲಿ ಎಂಬ ಆಸೆ ನನಗೂ ಇತ್ತು. ಆದರೆ ಅವತ್ತು ಬೆಳಗಿನಿಂದ ತಲೆನೋವು, ಚಹಾದ ನೆನಪು ಬೇರೆ. ಫೋನ್ ಇಟ್ಟ ಅಮ್ಮ ನನ್ನ ಕಡೆ ತಿರುಗಿದರು.

"ನೀನಂತೂ ಕಲಿಸ್ಲಿಲ್ಲ ಸೆಲಿನ್. ನೋಡು, ತಾನಾಗೇ ಬಂತು ಅವಳಿಗೆ. ನನ್ನ ಮೇಲಿನ ಪ್ರೀತಿಗೆ ಬಂತು."

ಎತ್ತಿಟ್ಟುಕೊಂಡಿದ್ದೆಲ್ಲ ಆಗ ಬಾಯಿಗೆ ಬಂತು. ತಾನಾಗೇ ಏನೂ ಬಂದಿಲ್ಲ, ಅದು ಅವಳ ತಪಸ್ಸುಕಾಲದ ವ್ರತ ಎಂದೆ. ನಾನು ಚಹಾ ಬಿಟ್ಟ ಹಾಗೆ ಅವಳು ಹಿಂದಿ ಬಿಟ್ಟಿದ್ದಾಳೆ, ಈಸ್ಟರ್ ಬಂದರೆ ಮುಗಿಯಿತು ಎಂದೆ. ಅವಳು ರಜೆ ಮರೆತ ಭಾನುವಾರಗಳ ವಿಷಯ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಮಾತ್ರ ಹೇಳಲಿಲ್ಲ.

ಅಮ್ಮ ಕೈಯಲ್ಲಿದ್ದ ಶಿಲುಬೆಯನ್ನು ಪೂರ್ತಿ ಮಾಡಿದರು. ತುದಿ ಮಡಚಿ, ಒಳಗೆ ತೂರಿಸಿ, ಪಕ್ಕಕ್ಕಿಟ್ಟರು.

"ನನ್ನ ಜೊತೆ ಮಾತಾಡೋದು ಉಪವಾಸ ಇದ್ದಂಗಾ ಅವಳಿಗೆ?" ಎಂದರು. ನಾನು ಉತ್ತರ ಕೊಡುವ ಮೊದಲೇ, "ಇನ್ನೆಷ್ಟು ದಿನ ಐತೆ?" ಎಂದು ಕೇಳಿದರು.

ಇನ್ನೊಂದು ವಾರ ಎಂದೆ. ಪಾಪ, ಮಗು ಎಂದು ಹೇಳಿ ಅವರು ಇನ್ನೊಂದು ಗರಿ ಎತ್ತಿಕೊಂಡರು.

ಆ ಪವಿತ್ರ ವಾರದಲ್ಲಿ ಅಮ್ಮ ಸಂಜೆ ಹೊತ್ತಿಗೇ ಮಲಗತೊಡಗಿದರು. ರಿಯಾ ಬಾಗಿಲಲ್ಲಿ ನಿಂತು ಅಜ್ಜಿ ಎಂದರೆ, ನಿದ್ದೆ ಬಂದವರಂತೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಅವರು ಎಚ್ಚರವಾಗಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಮಗುವಿಗೆ ಕಷ್ಟ ತಪ್ಪಿಸುತ್ತಿದ್ದರು. ಅಜ್ಜಿಗೆ ಮೈ ಹುಷಾರಿಲ್ಲವೇ ಎಂದು ರಿಯಾ ಕೇಳಿದಳು. ಬಿಸಿಲು ಎಂದೆ. ಪವಿತ್ರ ಗುರುವಾರದ ಮಧ್ಯಾಹ್ನ ನಾನು ಅಮ್ಮನ ಹಾಸಿಗೆಯ ಪಕ್ಕ ಕೂತು, ವ್ರತ ಹೌದು, ಆದರೆ ಆಮೇಲೆ ಹಾಗಿರಲಿಲ್ಲ, ರಜೆ ಇದ್ದ ಭಾನುವಾರವೂ ಅವಳು ನಿಮ್ಮ ಜೊತೆಗೇ ಇದ್ದಳು ಎಂದು ಎಲ್ಲ ಬಿಡಿಸಿ ಹೇಳಿದೆ. ಅಮ್ಮ ಸಮಾಧಾನದಿಂದಲೇ ಕೇಳಿಸಿಕೊಂಡರು. ಬಿಡು ಸೆಲಿನ್, ನನಗೇನೂ ಬೇಜಾರಿಲ್ಲ, ಕಥೆ ಕಟ್ಟಬೇಡ ಎಂದು ನನ್ನ ಕೈ ತಟ್ಟಿದರು.

ಅದೇ ವಾರ ನಾನು ಪಾಪನಿವೇದನೆಗೂ ಹೋಗಿದ್ದೆ. ಸಾಲಿನಲ್ಲಿ ನಿಂತು, ಗುರುಗಳ ಮುಂದೆ ಮೊಣಕಾಲೂರಿ, ಆಫೀಸಿನಲ್ಲಿ ಒಂದು ದಿನ ತಡೆಯಲಾರದೆ ಅರ್ಧ ಲೋಟ ಚಹಾ ಕುಡಿದೆ ಎಂದು ಒಪ್ಪಿಕೊಂಡೆ. ಅದನ್ನೊಂದೇ ಒಪ್ಪಿಕೊಂಡೆ. ಅವರು ಒಂದು ಜಪ ಹೇಳಿ ಕಳಿಸಿದರು. ಚರ್ಚಿನ ಮೆಟ್ಟಿಲಿಳಿಯುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಪಾಸ್ಕ ಹಬ್ಬದ ಬೆಳಿಗ್ಗೆ ಪ್ರಕಾಶ್ ಮೊಟ್ಟೆ ಬೇಯಿಸುತ್ತಿದ್ದರು. ರಿಯಾ ಕಣ್ಣುಜ್ಜಿಕೊಂಡು ಹಾಲ್‌ಗೆ ಬಂದು, ಹಬ್ಬದ ಶುಭಾಶಯ ಅಜ್ಜಿ ಎಂದಳು. ಎಷ್ಟು ಅಭ್ಯಾಸ ಮಾಡಿದ್ದಳೋ, ಒಂದಕ್ಷರ ತೊಡರಲಿಲ್ಲ. ಅಮ್ಮ ಹೊಸ ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದರು. ಪಾಠ ಒಪ್ಪಿಸುವ ಮಕ್ಕಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಹ್ಯಾಪಿ ಈಸ್ಟರ್ ಬೇಟಾ. ಅಬ್ ತುಮ್ ಹಿಂದಿ ಬೋಲೋ. ಮೈ ಭೀ ಹಿಂದಿ ಬೋಲೇಗಾ."

ಇನ್ನು ನೀನು ಹಿಂದಿ ಮಾತಾಡು, ನಾನೂ ಹಿಂದಿಯಲ್ಲೇ ಮಾತಾಡುತ್ತೇನೆ ಎಂದು ಅದರ ಅರ್ಥ. ಪ್ರಕಾಶ್ ಒಲೆಯ ಮುಂದಿನಿಂದ ಚಪ್ಪಾಳೆ ತಟ್ಟಿದರು. ಆ ವಾರವೆಲ್ಲ ಅಮ್ಮ ನಾನಿಲ್ಲದ ಹೊತ್ತು ನೋಡಿ ಅವರಿಂದ ಹಿಂದಿ ಹೇಳಿಸಿಕೊಳ್ಳುತ್ತಿದ್ದರಂತೆ. ಇವರಿಗೋ ಹಿಂದುಮುಂದು ಗೊತ್ತಿಲ್ಲ, ಅತ್ತೆ ಕೊನೆಗೂ ದಿಲ್ಲಿಗೆ ಒಗ್ಗಿಕೊಂಡರು ಎಂದು ಸಂಭ್ರಮ. ರಿಯಾ ಮಾತ್ರ ನಿಂತಲ್ಲೇ ನಿಂತಳು. ನಗಲು ಪ್ರಯತ್ನಿಸಿದಳು. ಆಮೇಲೆ ಮೆಲ್ಲಗೆ, "ಠೀಕ್ ಹೈ, ಅಜ್ಜಿ," ಎಂದಳು.

ಆವತ್ತಿನಿಂದ ಅವರಿಬ್ಬರ ನಡುವೆ ಹಿಂದಿಯೇ. ಅಮ್ಮ ತಾವು ಕಲಿತ ನಾಲ್ಕು ವಾಕ್ಯಗಳನ್ನು ತಿರುಗಿಸಿ ಮುರುಗಿಸಿ ಆಡುತ್ತಿದ್ದರು. ಖಾನಾ ಖಾಯಾ, ಸ್ಕೂಲ್ ಅಚ್ಛಾ, ನೀಂದ್ ಆಯಾ. ಊಟ, ಸ್ಕೂಲು, ನಿದ್ದೆ, ಅಷ್ಟೇ. ಅಜ್ಜಿಗೆ ಹಾಗೆಯೇ ಬೇಕೇನೋ ಎಂದು ರಿಯಾ ಬಿಡಿಬಿಡಿಯಾಗಿ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದಳು. ಅದಾದ ಮೇಲೆ ಹೇಳಲಿಕ್ಕೆ ಇಬ್ಬರಿಗೂ ಏನೂ ಉಳಿಯುತ್ತಿರಲಿಲ್ಲ. ರೇಷ್ಮೆಹುಳುವಿನ ಕಥೆಯನ್ನು ನಾಲ್ಕು ವಾಕ್ಯದ ಹಿಂದಿಯಲ್ಲಿ ಯಾರು ಹೇಳಿಯಾರು? ಅವಳಿಗೆ ಸುಲಭವಾಗಲಿ ಎಂದು ಇವರು, ಇವರಿಗೆ ಇಷ್ಟವಾಗಲಿ ಎಂದು ಅವಳು, ಇಬ್ಬರೂ ತಮಗೆ ಬೇಕಾದುದನ್ನೇ ಬಿಟ್ಟು ಕೂತಿದ್ದರು. ನಾನು ಬೆಳಿಗ್ಗೆ ಎರಡು ಲೋಟ, ಸಂಜೆ ಎರಡು ಲೋಟ ಚಹಾ ಕುಡಿಯುತ್ತಿದ್ದೆ.

ಬಿಸಿಗಾಳಿ ಶುರುವಾಗುವ ಮೊದಲೇ ಅಮ್ಮ ಹೊರಡುತ್ತೇನೆಂದರು. ಮೈಸೂರಿನ ಮನೆಗೆ ಇನ್ನೂ ಬಣ್ಣವೇ ಆಗಿರಲಿಲ್ಲ. ಇಲ್ಲೇ ಇರುತ್ತೇನೆ ಅಂದಿದ್ದಿರಲ್ಲ ಎಂದರೆ, ಇಲ್ಲಿಯ ಬಿಸಿಲು ನನಗೆ ಆಗಿಬರುವುದಿಲ್ಲ ಎಂದರು. ಅಣ್ಣ ಬಂದು ಕರೆದುಕೊಂಡು ಹೋದ. ರಿಯಾಳೂ ನಾನೂ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿದೆವು. ಕಿಟಕಿಯ ಗಾಜಿನ ಆಚೆಯಿಂದ ಅಮ್ಮ ಕೈ ಆಡಿಸುತ್ತಲೇ ಇದ್ದರು.

ವಾಪಸು ಮೆಟ್ರೊದಲ್ಲಿ ಸೀಟು ಸಿಕ್ಕಿತು. ಎರಡು ಸ್ಟೇಷನ್ ದಾಟಿದ ಮೇಲೆ ರಿಯಾ ನನ್ನ ಕಡೆ ನೋಡದೆ ಕೇಳಿದಳು.

"ಮಮ್ಮಾ, ಮೇರೀ ಕನ್ನಡ ಇತ್ನೀ ಬುರೀ ಥೀ ಕ್ಯಾ?"

ತನ್ನ ಕನ್ನಡ ಅಷ್ಟು ಕೆಟ್ಟದಾಗಿತ್ತೇ, ಕೇಳಲಾಗದೆ ಅಜ್ಜಿ ಹಿಂದಿ ಕಲಿಯಬೇಕಾಯಿತೇ ಎಂದು ಅವಳ ಪ್ರಶ್ನೆ. ಇಷ್ಟು ದಿನ ಅವಳು ಇದನ್ನೇ ಒಳಗಿಟ್ಟುಕೊಂಡು ಓಡಾಡಿದ್ದಳು. ಇಲ್ಲ ಪುಟ್ಟಾ, ನಿನ್ನ ವ್ರತದ ವಿಷಯ ನಾನು ಅಜ್ಜಿಗೆ ಹೇಳಿಬಿಟ್ಟೆ ಎಂದೆ. ಯಾವಾಗ, ಯಾಕೆ, ಯಾವ ಸಿಟ್ಟಿನಲ್ಲಿ ಎನ್ನುವುದನ್ನೆಲ್ಲ ಆ ಜನರ ನಡುವೆಯೇ ಹೇಳಿದೆ. ಅವಳು ಕಿರುಚಾಡಿದ್ದರೆ ಚೆನ್ನಾಗಿತ್ತು. ಸಂಡೇ ವಿಷಯವನ್ನೂ ಹೇಳಿದಿರಾ ಎಂದಷ್ಟೇ ಕೇಳಿದಳು. ಹೇಳಿದೆ, ಆದರೆ ಆಮೇಲೆ ಎಂದೆ. ಆಮೇಲೆ ಎಂಬುದನ್ನು ಅವಳೂ ಒಮ್ಮೆ ಹೇಳಿಕೊಂಡಳು.

ನಂತರ ಫೋನ್ ತೆಗೆದು ಅಜ್ಜಿಗೆ ಹಚ್ಚಿದಳು.

"ಅಜ್ಜಿ, ನಾನು ರಿಯಾ. ಕಿಟಕಿ ಸೀಟು ಸಿಕ್ತಾ? ನೀರು ಕುಡಿದ್ರಾ?" ಎದುರಿನ ಸಾಲಿನವರು ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದಳು.

ಅಮ್ಮನ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಹಾಂ ಬೇಟಾ, ಸಬ್ ಠೀಕ್ ಎನ್ನುತ್ತಿದ್ದರು.

"ಅಜ್ಜಿ, ಕನ್ನಡದಲ್ಲಿ ಮಾತಾಡಿ. ನನಗೆ ಇಷ್ಟ."

"ನಹೀಂ ಬೇಟಾ. ತುಮ್ ಥಕ್ ಜಾತಾ ಹೈ."

ರಿಯಾ ಮತ್ತೆ ಮತ್ತೆ ಹೇಳಿದಳು. ಸುಸ್ತಾಗಲ್ಲ ಅಜ್ಜಿ, ನಿಜ ಅಜ್ಜಿ. ಕೊನೆಗೆ ಕಣ್ಣು ತುಂಬಿಕೊಂಡು ಫೋನನ್ನು ನನ್ನ ಕೈಗೆ ತುರುಕಿದಳು, ನೀವೇ ಹೇಳಿ ಎನ್ನುವಂತೆ. ನಾನು ಕಿವಿಗಿಟ್ಟುಕೊಂಡು, ಅಮ್ಮ, ಅವಳು ಹೇಳುತ್ತಿರುವುದು ನಿಜ ಎಂದೆ.

"ನೀನು ಪಕ್ಕದಲ್ಲಿ ಕೂತ್ಕೊಂಡು ಹೇಳ್ಕೊಡ್ತಿದೀಯ ಅಂತ ನಂಗೆ ಗೊತ್ತು ಕಣೆ," ಎಂದರು ಅಮ್ಮ, ಬಹಳ ಮೃದುವಾಗಿ. "ಸಾಕು ಬಿಡು. ಮಗೂನ ಇನ್ನೂ ಯಾಕೆ ದಂಡಿಸ್ತೀಯ?"

ಲೈನ್ ಕಟ್ಟಾಯಿತು. ಅಜ್ಜಿ ಏನಂದರು ಎಂದು ರಿಯಾ ನನ್ನ ತೋಳು ಹಿಡಿದು ಅಲುಗಾಡಿಸುತ್ತಿದ್ದಳು. ಸಿಗ್ನಲ್ ಹೋಯಿತು, ಸರಿಯಾಗಿ ಕೇಳಿಸಲಿಲ್ಲ ಎಂದೆ.